ಅವತ್ತು ನೀವ ಬರ್ತೀರೇನು?

ಮದುವೆ ಖರ್ಚಿನ ಬಗ್ಗೆ ಯಾರಾದರೂ ನನ್ನನ್ನು ಕೇಳಿದರೆ ಮೊದಲು ಪಂಚಾಂಗ ತನ್ನಿ ಎನ್ನುತ್ತೇನೆ. ಗುಣ ಕೂಡಿಸಲು ಅಲ್ಲ, ದರ ತಿಳಿಯಲು. ಲಿಂಗಸುಗೂರು, ನಮ್ಮ ಮಸ್ಕಿ, ಸಿಂಧನೂರು ಒಂದೇ ಹೆದ್ದಾರಿಯ ಮೇಲಿನ ಊರುಗಳು. ಮೂರೂ ಕಡೆ ಓಡಾಡುವ ಅಡಿಗೆಯವರು, ಶಾಮಿಯಾನದವರು, ಬ್ಯಾಂಜೋದವರು, ಫೋಟೊದವರು ಬಹುತೇಕ ಅವರೇ. ಆಷಾಢ ಬಿಟ್ಟು, ಧನುರ್ಮಾಸ ಬಿಟ್ಟು, ಗುರು-ಶುಕ್ರರ ಮೂಢ ಬಿಟ್ಟು ಉಳಿದ ಬೆರಳೆಣಿಕೆಯ ದಿನಗಳಲ್ಲಿ ಎಲ್ಲರ ಮನೆಯ ಹಂದರವೂ ಏಳಬೇಕು. 2024ರ ಮೇ-ಜೂನ್‌ನಲ್ಲಿ ಗುರು, ಶುಕ್ರ ಎರಡೂ ಅಸ್ತವಾಗಿದ್ದರಿಂದ ಬಹಳಷ್ಟು ಪಂಚಾಂಗಗಳಲ್ಲಿ ಮುಹೂರ್ತವೇ ಇರಲಿಲ್ಲ. ಆ ಬೇಸಿಗೆಯ ಲಗ್ನಗಳು ಏಪ್ರಿಲ್‌ ಮುಗಿಯುವುದರೊಳಗೆ ಬಂದು ಒತ್ತಿಕೊಂಡವು. ಅದೇ ಕಲ್ಯಾಣ ಮಂಟಪ, ಅದೇ ಅಡಿಗೆ, ಅದೇ ಮೈಕ್ ಸೆಟ್ಟು. ದಿನ ಬದಲಾದರೆ ದರ ಬದಲು.

ಶರಣರು ತಿಥಿ-ವಾರಗಳ ಗೊಡವೆ ಬೇಡವೆಂದು ಹನ್ನೆರಡನೆಯ ಶತಮಾನದಲ್ಲೇ ಹೇಳಿಬಿಟ್ಟರು. ಅವರ ವಚನಗಳನ್ನು ಲಗ್ನಪತ್ರಿಕೆಯ ತಲೆಯ ಮೇಲೆ ಅಚ್ಚು ಹಾಕಿಸುವ ನಾವು, ಅದೇ ಪತ್ರಿಕೆಯ ನಡುವೆ ಮುಹೂರ್ತವನ್ನು ನಿಮಿಷದ ಲೆಕ್ಕದಲ್ಲಿ ಬರೆಸುತ್ತೇವೆ. ನಂಬಿಕೆಯ ಜಗಳ ನನಗೆ ಬೇಡ. ಹಣದ ಮಾತು ಇಷ್ಟೇ: ಜನ ಮುಗಿಬೀಳದ ವಾರದ ದಿನವೊಂದಕ್ಕೆ ಹಿರಿಯರು ಒಪ್ಪಿದರೆ ಚೌಕಾಸಿ ಮಾಡುವ ಶಕ್ತಿ ನಿಮ್ಮ ಕೈಗೆ ಬರುತ್ತದೆ. ಒಪ್ಪದಿದ್ದರೆ ಅದು ಎದುರಿನವರ ಕೈಯಲ್ಲಿ ಇರುತ್ತದೆ, ಅಷ್ಟನ್ನು ತಿಳಿದುಕೊಂಡೇ ಮಾತಿಗೆ ಕೂರಬೇಕು.

ನಮ್ಮ ಅಣ್ಣನ ಮಗಳ ಲಗ್ನ ಗಟ್ಟಿಯಾದಾಗ ಖರ್ಚಿನ ವಹಿಯನ್ನು ನನ್ನ ಕೈಗೆ ಕೊಟ್ಟರು. ಮನೆಯಲ್ಲಿ ಜೋರು ಮಾತಾಡುವವಳು ನಾನೇ ಎಂಬುದು ಕಾರಣವಿರಬೇಕು. ತಾರೀಖು ಗಿಜಿಗುಡುವ ದಿನವೇ ಬಿದ್ದಿತ್ತು. ಅಡಿಗೆಗೆ ಹೆಸರುವಾಸಿಯಾದ ಒಬ್ಬರನ್ನು ಕರೆಸಿದೆವು. ಹುಗ್ಗಿಗೆ ಎಷ್ಟು ಬೆಲ್ಲ, ಬದನೆಕಾಯಿ ಎಣಗಾಯಿಗೆ ಎಷ್ಟು ಶೇಂಗಾ ಎಂದು ಬಾಯಿಪಾಠದಂತೆ ಹೇಳಿದರು. ಎಲ್ಲ ಸರಿ ಕಂಡಿತು. ಎದ್ದು ಹೋಗುವಾಗ ಕೇಳಿದೆ: "ಅವತ್ತು ನೀವ ಬರ್ತೀರೇನು?"

"ನಮ್ ಹುಡುಗ್ರು ಬಂದ್ರ ನಾ ಬಂದಂಗ ಅಲ್ಲೇನ್ರಿ ಅಕ್ಕಾರ" ಎಂದರು.

ಅಂದರೆ ಅದೇ ದಿನ ಇನ್ನೂ ಎರಡು ಕಡೆ ಒಪ್ಪಿಕೊಂಡಿದ್ದಾರೆ. ಅವರದೇನೂ ಮೋಸವಲ್ಲ, ವರ್ಷದ ಗಳಿಕೆಯನ್ನು ಕೆಲವೇ ದಿನಗಳಲ್ಲಿ ದುಡಿಯಬೇಕಾದವರು ಹಾಗೆ ಮಾಡುತ್ತಾರೆ. ಆದರೆ ನಾವು ಕೊಡುತ್ತಿದ್ದದ್ದು ಅವರ ಹೆಸರಿನ ದರ, ಒಲೆಯ ಮುಂದೆ ನಿಲ್ಲುವವನು ಬೇರೆಯವನು. ನಾವು ಹೆಸರಿಲ್ಲದ, ಅಂದು ನಮ್ಮ ಮನೆಯನ್ನಷ್ಟೇ ಒಪ್ಪಿಕೊಂಡ ಇನ್ನೊಬ್ಬರನ್ನು ಹಿಡಿದೆವು. ದರ ಹೆಚ್ಚುಕಡಿಮೆ ಅಷ್ಟೇ ಆಯಿತು. ಹಿಂದಿನ ರಾತ್ರಿಯಿಂದ ಕೊನೆಯ ಪಂಕ್ತಿ ಏಳುವವರೆಗೆ ಅವರು ಒಲೆ ಬಿಟ್ಟು ಕದಲಲಿಲ್ಲ.

ಅಂದಿನಿಂದ ಶಾಮಿಯಾನದವರಿಗೆ, ಫೋಟೊದವರಿಗೆ, ಅಲಂಕಾರದವರಿಗೆ, ಎಲ್ಲರಿಗೂ ಇದೇ ಪ್ರಶ್ನೆ. ಅಗ್ಗವೋ ದುಬಾರಿಯೋ ಆಮೇಲಿನದು. ಮದುವೆಯಲ್ಲಿ ನಾವು ಕೊಳ್ಳುವುದು ಒಬ್ಬ ಕಸುಬುದಾರನ ಒಂದು ದಿನವನ್ನು. ಆ ದಿನ ಇನ್ನೊಬ್ಬರಿಗೂ ಮಾರಾಟವಾಗಿದೆಯೇ ಎಂಬುದನ್ನು ಕೊಳ್ಳುವ ಮುಂಚೆ ತಿಳಿಯಬೇಕು. ಫೋಟೊದವರಲ್ಲಿ ಇನ್ನೂ ಒಂದು ಕೇಳಿ: ಆಲ್ಬಮ್ ಕೈಗೆ ಯಾವಾಗ? ಮೊದಲ ಮಗುವಿನ ತೊಟ್ಟಿಲು ಕಾರ್ಯದ ಹೊತ್ತಿಗೆ ಲಗ್ನದ ಆಲ್ಬಮ್ ಬಂದ ಮನೆಗಳು ನಮ್ಮ ಓಣಿಯಲ್ಲೇ ಇವೆ. ಆಲ್ಬಮ್ ಬಂದ ದಿನವೇ ಕೊನೆಯ ಕಂತು ಎಂದು ಬರೆಸಿಕೊಂಡರೆ ಅದು ಬೇಗ ಬರುತ್ತದೆ.

ಊಟದ ಲೆಕ್ಕದ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಕಡೆ ಬಂಗಾರ ಬಿಟ್ಟರೆ ದೊಡ್ಡ ಖರ್ಚು ಅದೇ. ಎರಡು ಪದ್ಧತಿ ಇವೆ. ಒಂದು, ಸಾಮಾನು ನಮ್ಮದು, ಕೈ ಅವರದು, ಅಡಿಗೆಯವರಿಗೆ ಕೂಲಿ. ಇನ್ನೊಂದು, ಪ್ಲೇಟಿನ ಲೆಕ್ಕ. ಒಂದು ಊಟಕ್ಕೆ ಇಷ್ಟು ಎಂದು ಅವರೇ ಎಲ್ಲ ತರುತ್ತಾರೆ. ಸಿಂಧನೂರಿನ ಕಡೆ ದೊಡ್ಡ ಮಂಟಪಗಳಲ್ಲಿ ಪ್ಲೇಟಿನ ಲೆಕ್ಕ ಬಲಿಯುತ್ತಿದೆ. ಮಸ್ಕಿಯ ಮಟ್ಟಿಗೆ ನನ್ನ ಮತ ಮೊದಲನೆಯದಕ್ಕೆ. ಕಾಲುವೆ ಪಕ್ಕದ ನಾಡಿದು; ಸೋನಾ ಮಸೂರಿ ನೆಂಟರ ಮನೆಯಲ್ಲೋ ಪಕ್ಕದ ಊರಿನ ರೈಸ್ ಮಿಲ್ಲಿನಲ್ಲೋ ಸಿಗುತ್ತದೆ. ಅದನ್ನು ಪ್ಲೇಟಿನೊಳಗೆ ಸೇರಿಸಿ ಮತ್ತೆ ಕೊಳ್ಳುವುದೇಕೆ? ರೊಟ್ಟಿ, ಹುಗ್ಗಿ, ಪಲ್ಯ ಇರುವ ಊಟಕ್ಕೆ ನೂರು ಜನರಿಗೆ ಹತ್ತರಿಂದ ಹನ್ನೆರಡು ಕಿಲೋ ಅಕ್ಕಿ ಸಾಕು. ಸಾವಿರ ಜನಕ್ಕೆ ಕ್ವಿಂಟಲ್ ಮೇಲೆ ಸ್ವಲ್ಪ. ಎರಡು ಕ್ವಿಂಟಲ್ ಬರೆದ ಚೀಟಿ ಬಂದರೆ ಕೂತು ಮಾತಾಡಿ. ಕಡಕ್ ರೊಟ್ಟಿಯನ್ನು ಅಡಿಗೆಯವರಿಗೆ ವಹಿಸಬೇಡಿ. ಮನೆಯಲ್ಲಿ ರೊಟ್ಟಿ ಬಡಿದು ಮಾರುವ ಹೆಣ್ಣುಮಕ್ಕಳಿಗೆ ವಾರದ ಮೊದಲೇ ಎಣಿಕೆ ಕೊಟ್ಟರೆ ರುಚಿಯೂ ಇರುತ್ತದೆ, ದುಡ್ಡೂ ಸೀದಾ ಅವರ ಕೈಗೆ ಹೋಗುತ್ತದೆ.

ಪ್ಲೇಟಿನ ಲೆಕ್ಕಕ್ಕೇ ಹೋಗುವುದಾದರೆ ಎಲೆಯನ್ನೋ ತಟ್ಟೆಯನ್ನೋ ನೀವೇ ಕಟ್ಟು ಎಣಿಸಿ ತಂದು ಒಪ್ಪಿಸಿ. ಸಂಜೆ ಉಳಿದ ಕಟ್ಟು ಎಣಿಸಿದರೆ ಎಷ್ಟು ಜನ ಉಂಡರೆಂದು ಯಾರೂ ವಾದ ಮಾಡಬೇಕಾಗಿಲ್ಲ. ಒಪ್ಪಿದ ಸಂಖ್ಯೆಗಿಂತ ಕಡಿಮೆ ಬಂದರೆ ಏನು, ಹೆಚ್ಚು ಬಂದರೆ ಏನು ಎಂಬುದನ್ನು ಅಡ್ವಾನ್ಸ್ ಕೊಡುವ ದಿನವೇ ಮಾತಾಡಿ. ಜನರ ಸಂಖ್ಯೆ ಹಿಡಿಯುವುದೇ ಕಷ್ಟ, ನಿಜ. ನಮ್ಮಲ್ಲಿ ಪತ್ರಿಕೆ ಕೊಡುವುದು ಮನೆಗೆ, ಬರುವುದು ಟಂಟಂ ತುಂಬ. ಆದರೂ ಓಣಿ, ಬೀಗರು, ನೌಕರಿಯವರು, ಹೊಲದವರು ಎಂದು ಹಾಳೆ ಬೇರೆ ಮಾಡಿ ಬರೆದರೆ ಒಂದು ಅಂದಾಜು ಬರುತ್ತದೆ. ಆ ಹಾಳೆ ಕೈಯಲ್ಲಿ ಇಲ್ಲದೆ ಮಂಟಪಕ್ಕೆ ಅಡ್ವಾನ್ಸ್ ಕೊಡಬಾರದು. ಮಂಟಪ ದೊಡ್ಡದಾದಷ್ಟೂ ಅಲಂಕಾರ, ಕುರ್ಚಿ, ದೀಪ ಎಲ್ಲವೂ ಅದನ್ನು ತುಂಬಲಿಕ್ಕೇ ಹೊರಡುತ್ತವೆ.

ಅಡ್ವಾನ್ಸಿನ ವಿಷಯ ಬಂದಾಗ 2021 ನೆನಪಾಗದ ಮಸ್ಕಿಯವರಿಲ್ಲ. ಏಪ್ರಿಲ್ 17ಕ್ಕೆ ಇಲ್ಲಿ ಉಪಚುನಾವಣೆ. ಸಭೆ, ಮೆರವಣಿಗೆ, ಜನಜಂಗುಳಿ. ಅದಾಗಿ ಹತ್ತು ದಿನಕ್ಕೆ, 27ರ ರಾತ್ರಿಯಿಂದ, ಕೊರೊನಾಕ್ಕೆ ರಾಜ್ಯವೇ ಬಂದ್. ಮದುವೆಗೆ 50 ಜನರ ಮಿತಿ. ಮಂಟಪದವರಿಗೆ ಕೊಟ್ಟ ಮುಂಗಡ ಕೇಳಲು ಹೋದವರಿಗೆ "ಮುಂದಿನ ವರ್ಷ ಮಾಡ್ಕೊಳ್ರಿ" ಎಂಬ ಉತ್ತರ. ಮದುಮಕ್ಕಳನ್ನು ಮುಂದಿನ ವರ್ಷದವರೆಗೆ ಹಂದರದಲ್ಲಿ ನಿಲ್ಲಿಸಲು ಆಗುತ್ತದೆಯೇ? ಬರವಣಿಗೆ ಇದ್ದ ಕೆಲವರಿಗೆ ಒಂದಿಷ್ಟು ವಾಪಸು ಬಂತು, ಬಾಯಿಮಾತಿನವರಿಗೆ ಬರಲಿಲ್ಲ. ಒಂದೇ ಹಾಳೆ ಸಾಕು: ತಾರೀಖು, ಒಪ್ಪಿದ ದರ, ಕರೆಂಟು-ಜನರೇಟರ್-ಸ್ವಚ್ಛತೆ ಇದರೊಳಗೋ ಹೊರಗೋ, ಮುಂದಕ್ಕೆ ಹೋದರೆ ಏನು, ನಿಂತೇ ಹೋದರೆ ಏನು. ಕೆಳಗೆ ಎರಡೂ ಕಡೆಯ ಸಹಿ. ಇಂಥ ಹಾಳೆ ಇದ್ದರೆ ರಾಯಚೂರಿನ ಜಿಲ್ಲಾ ಗ್ರಾಹಕ ಆಯೋಗದ ಮೆಟ್ಟಿಲು ಹತ್ತಬಹುದು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಬಹುದು, ಸಂಖ್ಯೆ 1915. ಮಸ್ಕಿಯವರು ಈ ಸಂಖ್ಯೆಯನ್ನು ಮರೆಯುವ ಹಾಗಿಲ್ಲ. ಚಿನ್ನದ ಜಾಡು ಹಿಡಿದು ಬಂದ ಎಂಜಿನಿಯರ್ ಬೀಡನ್, ಅಶೋಕನ ಹೆಸರಿದ್ದ ಶಾಸನವನ್ನು ನಮ್ಮ ಗುಡ್ಡದಲ್ಲಿ ಕಂಡದ್ದು 1915ರಲ್ಲೇ.

ಅಶೋಕನ ಮಾತು ಬಂತಲ್ಲ, ಅವನಿಗೂ ಈ ವಿಷಯದಲ್ಲಿ ಅಭಿಪ್ರಾಯವಿತ್ತು. ನಮ್ಮೂರಿನ ಕಿರುಶಾಸನದಲ್ಲಿ ಅದಿಲ್ಲ. ಕರ್ನೂಲಿನ ಕಡೆಯ ಎರ್ರಗುಡಿಯಲ್ಲೂ ಗಿರ್ನಾರಿನಲ್ಲೂ ಇರುವ ಒಂಬತ್ತನೆಯ ಬಂಡೆ ಶಾಸನದಲ್ಲಿ, ಜನ ಮಕ್ಕಳ ಮದುವೆಗೆಂದು ಫಲವಿಲ್ಲದ ಆಚರಣೆಗಳನ್ನು ಬಹಳ ಮಾಡುತ್ತಾರೆ ಎಂದು ಬೇಸರಪಟ್ಟು, ಆಳುಕಾಳುಗಳನ್ನು ಸರಿಯಾಗಿ ನಡೆಸಿಕೊಳ್ಳುವುದೂ ನಿಜವಾದ ಮಂಗಳಕಾರ್ಯ ಎನ್ನುತ್ತಾನೆ. ಮದುವೆಯ ಶಾಸ್ತ್ರಗಳನ್ನು ಅವನು ಹೆಂಗಸರ ತಲೆಗೇ ಕಟ್ಟಿದ್ದಕ್ಕೆ ನನ್ನ ತಕರಾರಿದೆ. ಡಿಜೆ ತರಿಸುವವರು ಯಾರೆಂದು ಮಸ್ಕಿಗೆ ಬಂದು ನೋಡಬೇಕಿತ್ತು. ಬಡಿಸುವ ಹುಡುಗರ, ಪಾತ್ರೆ ತೊಳೆಯುವ ಹೆಂಗಸರ ಕೂಲಿಯ ವಿಚಾರದಲ್ಲಿ ಮಾತ್ರ ನಾನು ಅವನ ಪಕ್ಷ. ಅದನ್ನು ಮೇಸ್ತ್ರಿಯ ಕೈಗೆ ಕೊಟ್ಟು ಸುಮ್ಮನಾಗದೆ ಅಂದೇ ರಾತ್ರಿ ಎಲ್ಲರಿಗೂ ಮುಟ್ಟಿತೇ ನೋಡಿ.

ಇನ್ನು ಬಂಗಾರ. ಹಟ್ಟಿ ಗಣಿ ಇರುವುದು ಲಿಂಗಸುಗೂರು ತಾಲ್ಲೂಕಿನಲ್ಲೇ ಆದರೂ ನಮಗೇನೂ ಗ್ರಾಂ ಒಂದಕ್ಕೆ ಐದು ಪೈಸೆ ಕಡಿಮೆಯಿಲ್ಲ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಆಭರಣದ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇರಲೇಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಒಡವೆಯ ಜಾತಕ ತೆರೆಯುತ್ತದೆ. ದಿನದ ದರವನ್ನು ಯಾರೂ ಬದಲಿಸಲಾರರು. ಚೌಕಾಸಿ ನಡೆಯುವುದು ಮಜೂರಿ ಮತ್ತು ವೇಸ್ಟೇಜಿನಲ್ಲಿ. ಎಂಟು ಪರ್ಸೆಂಟಿಗೂ ಹದಿನಾಲ್ಕು ಪರ್ಸೆಂಟಿಗೂ ನಡುವಿನ ಅಂತರ, ಮೂರು ಲಕ್ಷದ ಬಂಗಾರದ ಮೇಲೆ 18 ಸಾವಿರ. ನಮ್ಮ ಕಡೆಯ ಬೋರಮಾಳದ ಗುಂಡುಗಳೊಳಗೆ ಅರಗು ತುಂಬಿರುತ್ತದೆ. ತೂಕದ ಚೀಟಿಯಲ್ಲಿ ಬಂಗಾರದ ನಿಕ್ಕಿ ತೂಕವನ್ನು ಬೇರೆಯಾಗಿ ಬರೆಸಿಕೊಳ್ಳಿ. "ಬಿಲ್ ಬ್ಯಾಡಂದ್ರ ಮೂರು ಪರ್ಸೆಂಟ್ ಉಳೀತದ್ರಿ" ಎಂದು ಜಿಎಸ್‌ಟಿ ತೋರಿಸಿ ಆಸೆ ಹುಟ್ಟಿಸುವವರಿದ್ದಾರೆ. ನಾಳೆ ಮಾರಲು ಹೋದಾಗ ಆ ಮೂರಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತೀರಿ.

ಜವಳಿಗೆ ಇಳಕಲ್‌ಗೇ ಹೋಗಿ, ಮುದಗಲ್ಲ ದಾಟಿದರೆ ದೂರವೇನಿಲ್ಲ. ಮದುಮಗಳಿಗೂ ಹತ್ತಿರದವರಿಗೂ ಕೈಮಗ್ಗದ ಟೋಪಿ ತೆನೆಯ ಸೀರೆ ತನ್ನಿ. ಆಯೇರಿಗೆಂದು ಕಟ್ಟುಗಟ್ಟಲೆ ಅಗ್ಗದ ಸೀರೆ ತರುವುದನ್ನು ಬೀಗರ ಜೊತೆ ಕೂತು ನಿಲ್ಲಿಸಿ. ಆ ಸೀರೆಗಳನ್ನು ಯಾರೂ ಉಡುವುದಿಲ್ಲ. ಮಡಿಕೆ ಬಿಚ್ಚದೆ ಮನೆಯಿಂದ ಮನೆಗೆ ತಿರುಗುತ್ತವೆ. ನಾವು ಎರಡೂ ಕಡೆಯವರು ಒಪ್ಪಿ ಬಿಟ್ಟೆವು. ಒಬ್ಬ ಸೋದರತ್ತೆ ಮಾತ್ರ ಇನ್ನೂ ಮುನಿಸಿಕೊಂಡಿದ್ದಾರೆ, ಇರಲಿ.

ಇಷ್ಟಕ್ಕೆಲ್ಲ ದುಡ್ಡು ಎಲ್ಲಿಂದ? ಮಸ್ಕಿಯ ಮದುವೆ ತುಂಗಭದ್ರಾ ಕಾಲುವೆಗೆ ನೀರು ಬರುವುದನ್ನೂ ಮಳೆಯನ್ನೂ ನೋಡಿ ನಡೆಯುತ್ತದೆ. ಕಾಲುವೆಯ ಕೆಳಗಿನವರಿಗೆ ಎರಡನೇ ಬೆಳೆಯ ಭತ್ತ, ಒಣಬೇಸಾಯದವರಿಗೆ ತೊಗರಿ, ಹತ್ತಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕಿತ್ತುಹೋದಾಗ, ನಾಟಿಯ ಜೊತೆಗೆ ಮಗಳ ಲಗ್ನದ ಚಿಂತೆಯೂ ಎಷ್ಟೋ ಮನೆಗಳಲ್ಲಿ ಶುರುವಾಗಿತ್ತು. ಬೆಳೆಗೂ ಮುಹೂರ್ತಕ್ಕೂ ನಡುವಿನ ತಿಂಗಳುಗಳನ್ನು ತುಂಬುವವರು ದಲಾಲಿ ಅಂಗಡಿಯವರು. ನೂರಕ್ಕೆ ಎರಡು ರೂಪಾಯಿ ಬಡ್ಡಿ ಎಂದರೆ ಸಣ್ಣದಾಗಿ ಕೇಳುತ್ತದೆ. ಅದು ತಿಂಗಳಿಗೆ, ವರ್ಷಕ್ಕೆ 24. ಮೂರು ಲಕ್ಷವನ್ನು ಹತ್ತು ತಿಂಗಳು ಇಟ್ಟುಕೊಂಡರೆ ಬಡ್ಡಿಯೇ 60 ಸಾವಿರ. ಅದರ ಮೇಲೆ ಬೆಳೆಯನ್ನು ಅದೇ ಅಂಗಡಿಗೆ, ಅವರು ಹೇಳಿದ ದರಕ್ಕೆ ಹಾಕುವ ಮುಲಾಜು. ಮನೆಯಲ್ಲಿರುವ ಹಳೆಯ ಬಂಗಾರವನ್ನು ಬ್ಯಾಂಕಿನಲ್ಲೋ ಸಹಕಾರಿ ಸಂಘದಲ್ಲೋ ಇಟ್ಟು ತಂದರೆ ಬಡ್ಡಿ ಸಾಮಾನ್ಯವಾಗಿ ಅದರ ಅರ್ಧದ ಆಸುಪಾಸಿನಲ್ಲಿ ಇರುತ್ತದೆ. ಬಂಗಾರ ಅಡವಿಟ್ಟು ಲಗ್ನ ಮಾಡಿದರು ಎಂಬ ಮಾತಿಗೆ ಹೆದರಿ ಇಮ್ಮಡಿ ಬಡ್ಡಿ ಕಟ್ಟುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮುಯ್ಯಿಯನ್ನು ನಂಬಿ ಸಾಲ ಮಾಡುವುದಂತೂ ಇನ್ನೂ ಕೆಟ್ಟದ್ದು. ಮುಯ್ಯಿ ಆದಾಯವಲ್ಲ, ಅದು ವಹಿಯಲ್ಲಿ ಹೆಸರು ಬರೆದ ಸಾಲ. ಅವರ ಮನೆಯ ಹಂದರಕ್ಕೆ ತಿರುಗಿ ಕೊಡಬೇಕು.

ಹಣ ಕೊಡುವಾಗ ಒಂದು ಕಾನೂನು ನೆನಪಿರಲಿ. ಒಂದೇ ಸಮಾರಂಭಕ್ಕಾಗಿ ಒಬ್ಬರಿಂದ ಎರಡು ಲಕ್ಷ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ ಎಂಬ ನಿಯಮ 2017ರ ಏಪ್ರಿಲ್‌ನಿಂದ ಇದೆ. ನಾಲ್ಕು ದಿನ ನಾಲ್ಕು ಕಂತು ಮಾಡಿದರೂ ಮದುವೆ ಒಂದೇ. ದಂಡ ತೆಗೆದುಕೊಂಡವರಿಗೆ ಬೀಳುವುದಾದರೂ, "ಚೆಕ್ ಬ್ಯಾಡ್ರಿ, ರೊಕ್ಕಾನ ಕೊಡ್ರಿ" ಎಂದು ಹಟ ಹಿಡಿಯುವವರ ಬಳಿ ರಸೀದಿಯೂ ಸಿಗುವುದಿಲ್ಲ. ನಮ್ಮ ಪದ್ಧತಿ: ಮಾತಾದಾಗ ಕಾಲುಭಾಗ, ಹಿಂದಿನ ದಿನ ಸಾಮಾನು ಇಳಿದಾಗ ಅರ್ಧ, ಉಳಿದದ್ದು ಕೆಲಸ ಮುಗಿದ ಮೇಲೆ. ಪೂರ್ತಿ ಮುಂಗಡ ಕೇಳಿದವರಿಗೆ ನಮಸ್ಕಾರ ಹೇಳಿದೆವು. ಚುನಾವಣಾ ನೀತಿಸಂಹಿತೆಯ ಕಾಲವಾದರೆ ಬ್ಯಾಂಕಿನ ಚೀಟಿ, ಲಗ್ನಪತ್ರಿಕೆ ಜೊತೆಗಿಲ್ಲದೆ 50 ಸಾವಿರದ ಮೇಲೆ ನಗದು ಹಿಡಿದು ಚೆಕ್‌ಪೋಸ್ಟ್ ದಾಟಬೇಡಿ.

ಸಾಮೂಹಿಕ ಲಗ್ನವನ್ನು ಬಡವರ ಬಾಬತ್ತು ಎಂದು ಪಕ್ಕಕ್ಕೆ ಸರಿಸುವುದು ನನಗೆ ಸರಿ ಕಾಣುವುದಿಲ್ಲ. ಈ ಭಾಗದ ಜಾತ್ರೆಗಳಲ್ಲಿ, ಮಠಗಳಲ್ಲಿ ಅದು ವರ್ಷವರ್ಷವೂ ನಡೆಯುತ್ತದೆ. ಮುಜರಾಯಿ ಇಲಾಖೆಯ ಸಪ್ತಪದಿ ಯೋಜನೆ ಬಂದಾಗಿನ ಲೆಕ್ಕವೇ ನೋಡಿ: ತಾಳಿ-ಗುಂಡಿಗೆ 40 ಸಾವಿರ, ಮದುಮಗಳಿಗೆ 10 ಸಾವಿರ, ಮದುಮಗನಿಗೆ 5 ಸಾವಿರ. ಅಡಿಗೆಯವರು ಬರುತ್ತಾರೋ ಇಲ್ಲವೋ ಎಂಬ ಚಿಂತೆ ಹೆತ್ತವರಿಗೆ ಇರುವುದೇ ಇಲ್ಲ. ನಮ್ಮ ಮನೆಯಲ್ಲಿ ಈ ಮಾತು ತೆಗೆದೆ; ನನ್ನ ಅಣ್ಣ ಕೇಳಿಸದವನಂತೆ ಎದ್ದು ಹೊಲಕ್ಕೆ ಹೋದ.

ಮರುದಿನದ ಕೆಲಸ ಎರಡಿವೆ. ಶಾಮಿಯಾನದವರ ಪಾತ್ರೆ, ಸೌಟು, ಕೊಳಗಗಳನ್ನು ಇಳಿಸಿಕೊಂಡಾಗ ಎಣಿಸಿದ್ದ ಚೀಟಿ ಹಿಡಿದೇ ವಾಪಸು ಎಣಿಸಿ ಕೊಡಿ, ಇಲ್ಲದಿದ್ದರೆ ಕಾಣೆಯಾದ ಸೌಟುಗಳ ಬಿಲ್ಲು ಬರುತ್ತದೆ. ಇನ್ನೊಂದು ಮದುವೆಯ ನೋಂದಣಿ, ಈಗ ನೋಂದಣಿ ಇಲಾಖೆಯ ಕಾವೇರಿ 2.0 ತಾಣದಲ್ಲಿ ಆನ್‌ಲೈನ್ ಅರ್ಜಿಯೂ ಇದೆ. ಅದಕ್ಕೆ ಲಗ್ನಪತ್ರಿಕೆ ಬೇಕಾಗುತ್ತದೆ. ಸಾವಿರ ಅಚ್ಚು ಹಾಕಿಸಿ ಓಣಿಗೆಲ್ಲ ಹಂಚಿ, ಕೊನೆಗೆ ಮನೆಯಲ್ಲಿ ಒಂದೂ ಇಲ್ಲದೆ ನೆಂಟರಿಗೆ ಫೋನ್ ಮಾಡುವವರು ಬಹಳ. ಐದು ಎತ್ತಿಡಿ.