ಫೋನು ಕೂಗಿದಾಗ, ಕೂಗದೇ ಹೋದಾಗ

2023ರ ಅಕ್ಟೋಬರ್ 12ರಂದು ಕರ್ನಾಟಕದ ಲಕ್ಷಾಂತರ ಫೋನುಗಳು ಒಟ್ಟಿಗೇ ಅರಚಿಕೊಂಡವು. ಸೈಲೆಂಟ್‌ನಲ್ಲಿ ಇಟ್ಟಿದ್ದವೂ ಸುಮ್ಮನಿರಲಿಲ್ಲ. ಪರದೆಯ ಮೇಲೆ ಬಂದದ್ದು ದೂರಸಂಪರ್ಕ ಇಲಾಖೆಯ ಪರೀಕ್ಷಾರ್ಥ ಸಂದೇಶ. ಇದು ಬರೀ ಪರೀಕ್ಷೆ, ನೀವೇನೂ ಮಾಡಬೇಕಿಲ್ಲ ಎಂದು ಅದರಲ್ಲೇ ಬರೆದಿತ್ತು. ಆದರೂ ಫೋನು ಹ್ಯಾಕ್ ಆಯಿತೆಂದು ಹೆದರಿದವರಿದ್ದರು. ಇನ್ನು ಕೆಲವರು ಆ ಸದ್ದಿಗೆ ರೋಸಿ ಸೆಟ್ಟಿಂಗ್ಸ್‌ಗೆ ಹೋಗಿ ಎಲ್ಲವನ್ನೂ ಆಫ್ ಮಾಡಿ ಕುಳಿತರು. ಆಗಿನಿಂದ ಎರಡು ಪ್ರಶ್ನೆಗಳು ಉಳಿದುಕೊಂಡಿವೆ. ಹೀಗೆ ಆಫ್ ಮಾಡುವುದು ತಪ್ಪೇ? ಆಫ್ ಮಾಡಿದವನಿಗೆ ನಾಳೆ ಹೊಳೆ ಬಂದಾಗ, ಗುಡ್ಡ ಜಾರಿದಾಗ ಸರ್ಕಾರದಿಂದ ಎಚ್ಚರಿಕೆ ಕೇಳುವ ಹಕ್ಕು ಉಳಿಯುತ್ತದೆಯೇ?

ಮೊದಲನೆಯದಕ್ಕೆ ಉತ್ತರ ಸುಲಭ. ನಿಮ್ಮ ಫೋನಿನ ಅಲರ್ಟ್ ನೀವು ಆಫ್ ಮಾಡಿದರೆ ಅದು ಅಪರಾಧ ಎನ್ನುವ ಕಲಂ 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಇಲ್ಲ. ಎರಡನೆಯದಕ್ಕೂ ಉತ್ತರ ಕಾಯ್ದೆಯಲ್ಲೇ ಇದೆ, ಆದರೆ ಅದಕ್ಕೆ ಮೊದಲು ಈ ಸಂದೇಶ ಬರುವ ದಾರಿಯನ್ನು ತಿಳಿದುಕೊಳ್ಳಬೇಕು.

ಇದು ಎಸ್ಸೆಮ್ಮೆಸ್ ಅಲ್ಲ. ಸೆಲ್ ಬ್ರಾಡ್‌ಕಾಸ್ಟ್ ಎನ್ನುವ ಈ ವಿಧಾನದಲ್ಲಿ ಟವರ್ ತನ್ನ ವ್ಯಾಪ್ತಿಯಲ್ಲಿರುವ ಎಲ್ಲ ಫೋನುಗಳಿಗೂ ಒಂದೇ ಸಲ ಸಾರುತ್ತದೆ, ಊರ ಡಂಗುರದವನು ಯಾರ ಮನೆಯ ವಿಳಾಸವನ್ನೂ ಕೇಳದೆ ಬೀದಿಯಲ್ಲಿ ಸಾರಿಕೊಂಡು ಹೋದಂತೆ. ಹಾಗಾಗಿ ನಿಮ್ಮ ನಂಬರ್ ಯಾರಿಗೂ ಬೇಕಿಲ್ಲ, ಇಂಟರ್‌ನೆಟ್ ಬೇಕಿಲ್ಲ, ಬ್ಯಾಲೆನ್ಸ್ ಬೇಕಿಲ್ಲ. ಡಿಎನ್‌ಡಿ ಹಾಕಿಸಿಕೊಂಡಿದ್ದರೂ ಬರುತ್ತದೆ. ಬೇರೆ ಜಿಲ್ಲೆಯವರು ನಿಮ್ಮೂರಿಗೆ ಬಂದಿದ್ದರೆ ಅವರಿಗೂ ಬರುತ್ತದೆ. ಅಲರ್ಟ್ ಬಂತೆಂದರೆ ಸರ್ಕಾರ ನಮ್ಮನ್ನು ಹಿಂಬಾಲಿಸುತ್ತಿದೆ ಎನ್ನುವ ಭಯಕ್ಕೆ ಇಲ್ಲಿ ಆಧಾರವಿಲ್ಲ. ಫೋನ್ ಸ್ವಿಚ್ ಆಫ್ ಆಗಿದ್ದರೆ, ಏರೋಪ್ಲೇನ್ ಮೋಡ್‌ನಲ್ಲಿದ್ದರೆ, ಟವರ್ ಸಿಗದಿದ್ದರೆ ಬರುವುದಿಲ್ಲ. ಮಲೆನಾಡಿನ ಎಷ್ಟೋ ಹಳ್ಳಿಗಳಿಗೆ ಆ ಕೊನೆಯ ಮಾತೇ ಮುಖ್ಯ. ಎಲ್ಲಿ ಗುಡ್ಡ ಜಾರುತ್ತದೋ ಅಲ್ಲೇ ಸಿಗ್ನಲ್ ಇರುವುದಿಲ್ಲ.

ಈಗ ಸೆಟ್ಟಿಂಗ್ಸ್. ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ 'ಸೇಫ್ಟಿ ಅಂಡ್ ಎಮರ್ಜೆನ್ಸಿ' ಅಥವಾ 'ನೋಟಿಫಿಕೇಶನ್ಸ್' ಒಳಗೆ 'ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ಸ್' ಇರುತ್ತದೆ. ಕಂಪನಿಗೊಂದು ಜಾಗ. ಹುಡುಕಿ ಬೇಸತ್ತರೆ ಸೆಟ್ಟಿಂಗ್ಸ್‌ನ ಮೇಲಿರುವ ಹುಡುಕು ಪೆಟ್ಟಿಗೆಯಲ್ಲಿ ಎಮರ್ಜೆನ್ಸಿ ಎಂದು ಟೈಪ್ ಮಾಡಿ. ಐಫೋನ್‌ನಲ್ಲಿ 'ನೋಟಿಫಿಕೇಶನ್ಸ್' ತೆರೆದು ಕೊನೆಯವರೆಗೆ ಸರಿಸಬೇಕು. 'ಎಕ್ಸ್‌ಟ್ರೀಮ್' ಮತ್ತು 'ಸಿವಿಯರ್' ಎಂದಿರುವ ಎರಡನ್ನೂ ಮುಟ್ಟಬೇಡಿ, ಆನ್ ಇರಲಿ. ಪ್ರಾಣಕ್ಕೆ ಸಂಬಂಧಿಸಿದವು ಅವು. 'ಟೆಸ್ಟ್ ಅಲರ್ಟ್ಸ್' ನಿಮ್ಮ ಇಷ್ಟ. ಅದು ಆಫ್ ಇದ್ದರೆ ಪರೀಕ್ಷೆಯ ದಿನ ಪಕ್ಕದವರ ಫೋನು ಕೂಗಿ ನಿಮ್ಮದು ಸುಮ್ಮನಿರಬಹುದು, ಅಷ್ಟಕ್ಕೇ ಫೋನು ಕೆಟ್ಟಿದೆ ಎಂದುಕೊಳ್ಳಬೇಡಿ. ಕೆಲವು ಫೋನುಗಳಲ್ಲಿ 'ಆಂಬರ್' ಎಂಬ ಗುಂಡಿಯೂ ಕಾಣುತ್ತದೆ. ಅಮೆರಿಕದಲ್ಲಿ ಮಕ್ಕಳ ಅಪಹರಣವಾದಾಗ ಕಳಿಸುವ ಸಂದೇಶ ಅದು, ನಮಗೆ ಅದರ ಗೊಡವೆ ಬೇಡ. ಬಂದ ಅಲರ್ಟ್‌ಗಳ ಹಳೆಯ ಪಟ್ಟಿ ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ಇದೇ ಸೆಟ್ಟಿಂಗ್ಸ್‌ನಲ್ಲಿ ಸಿಗುತ್ತದೆ. ಎಷ್ಟು ಹೊತ್ತಿಗೆ ಎಚ್ಚರಿಸಿದರು ಎಂಬ ಜಗಳ ಮುಂದೆ ಎದ್ದರೆ ಆ ಪಟ್ಟಿಯ ಸ್ಕ್ರೀನ್‌ಶಾಟ್ ಒಂದು ದಾಖಲೆ.

ಅಲರ್ಟ್ ಆಫ್ ಮಾಡಲೇಬೇಕಾದವರೂ ಇದ್ದಾರೆ. ಗಂಡನ ಹೊಡೆತಕ್ಕೆ ಹೆದರಿ ಮನೆಯಲ್ಲಿ ಇನ್ನೊಂದು ಫೋನನ್ನು ಬಚ್ಚಿಟ್ಟುಕೊಂಡ ಹೆಂಗಸಿಗೆ ಈ ಅರಚಾಟ ಅಪಾಯ ತರಬಹುದು. ಬ್ರಿಟನ್‌ನಲ್ಲಿ 2023ರ ಏಪ್ರಿಲ್ 23ರ ರಾಷ್ಟ್ರೀಯ ಪರೀಕ್ಷೆಗೆ ಮುಂಚೆ ಅಲ್ಲಿನ ಮಹಿಳಾ ಸಂಘಟನೆಗಳು ಇದನ್ನೇ ಎತ್ತಿ, ಆಫ್ ಮಾಡುವುದು ಹೇಗೆಂದು ಊರೂರಿಗೆ ತಿಳಿಸಿದ್ದವು. ನಮ್ಮಲ್ಲಿ ಈ ಮಾತನ್ನು ಯಾರೂ ಗಟ್ಟಿಯಾಗಿ ಹೇಳಿದ್ದು ನಾನು ಕೇಳಿಲ್ಲ. ಅಂಥವರು ಬಚ್ಚಿಟ್ಟ ಫೋನಿನಲ್ಲಿ ಎಲ್ಲ ಅಲರ್ಟ್‌ಗಳನ್ನೂ ಆಫ್ ಮಾಡುವುದೇ ಸರಿ. ಎಲ್ಲಕ್ಕಿಂತ ಖಚಿತವಾದ ದಾರಿ ಎಂದರೆ, ಬೇಡದಿದ್ದಾಗ ಆ ಫೋನನ್ನೇ ಸ್ವಿಚ್ ಆಫ್ ಮಾಡಿಡುವುದು. ಮಹಿಳಾ ಸಹಾಯವಾಣಿ 181, ತುರ್ತು ಸಹಾಯಕ್ಕೆ 112.

ಇನ್ನು ಕಾನೂನಿನ ಗಟ್ಟಿ ಭಾಗ. ಫೋನಿಗೆ ಬರುವ ಅಲರ್ಟ್ ಬೇರೆ, ಜಿಲ್ಲಾಧಿಕಾರಿಯ ಆದೇಶ ಬೇರೆ. 'ಮುಂದಿನ ಮೂರು ಗಂಟೆಯಲ್ಲಿ ಸಿಡಿಲು ಸಹಿತ ಮಳೆ, ಮರದ ಕೆಳಗೆ ನಿಲ್ಲಬೇಡಿ' ಎನ್ನುವುದು ಸಲಹೆ. ನಿಂತರೆ ಕೇಸು ಹಾಕುವುದಿಲ್ಲ. ಆದರೆ ಕಾಯ್ದೆಯ 34ನೇ ಕಲಂ ಪ್ರಕಾರ ಅಪಾಯವಿರುವ ಜಾಗಕ್ಕೆ ಜನ ಹೋಗದಂತೆ, ಅಲ್ಲಿ ಓಡಾಡದಂತೆ ನಿರ್ಬಂಧಿಸುವ ಅಧಿಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕಿದೆ. ಅದಕ್ಕೆ ಅಧ್ಯಕ್ಷರು ಜಿಲ್ಲಾಧಿಕಾರಿ. ಆ ನಿರ್ದೇಶನವನ್ನು ಸಕಾರಣವಿಲ್ಲದೆ ಧಿಕ್ಕರಿಸಿದರೆ 51ನೇ ಕಲಂ ಕೆಳಗೆ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಧಿಕ್ಕರಿಸಿದ್ದರಿಂದ ಜೀವಹಾನಿಯಾದರೆ ಎರಡು ವರ್ಷದವರೆಗೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕಿತ್ತುಹೋದಾಗ ನದಿ ಕೆಳಭಾಗದ ಊರುಗಳಿಗೆ ಎಚ್ಚರಿಕೆ ಹೋಯಿತಲ್ಲ, ಅಂಥ ಹೊತ್ತಿನಲ್ಲಿ ಕೈಗೆ ಬಂದದ್ದು ಸಲಹೆಯೋ ಆದೇಶವೋ ಎಂದು ನೋಡಿಕೊಳ್ಳಬೇಕು. ಗೊತ್ತಾಗದಿದ್ದರೆ ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೆ ಫೋನ್ ಮಾಡಿ ಕೇಳಬಹುದು. ಮೊದಲು ದಡ ಬಿಟ್ಟು ಮೇಲಕ್ಕೆ ಬನ್ನಿ, ಆಮೇಲೆ ಫೋನ್ ಮಾಡಿ.

ಅಲರ್ಟ್ ಬಂದು ಏನೂ ಆಗಲಿಲ್ಲ, ಆ ದಿನ ಕೂಲಿ ಹೋಯಿತು, ಅಂಗಡಿ ಮುಚ್ಚಿದ್ದರಿಂದ ನಷ್ಟವಾಯಿತು ಎಂದು ದಾವೆ ಹೂಡಬಹುದೇ? ಆಗದು. ಅಧಿಕಾರದ ಮೇರೆಗೆ ಕೊಟ್ಟ ಎಚ್ಚರಿಕೆಗಾಗಿ ಅಧಿಕಾರಿಗಳ ಮೇಲೆ ಮೊಕದ್ದಮೆ ನಡೆಸದಂತೆ 74ನೇ ಕಲಂ ರಕ್ಷಣೆ ಕೊಟ್ಟಿದೆ. ಜನರಿಗೆ ಇದು ಅನ್ಯಾಯದಂತೆ ಕಾಣಬಹುದು, ನನಗೆ ಸರಿ ಎನಿಸುತ್ತದೆ. ತಪ್ಪಿದರೆ ಕೋರ್ಟು ಎಂದಿದ್ದರೆ ಮಳೆಗಾಲದಲ್ಲಿ ಯಾವ ಅಧಿಕಾರಿಯೂ ಬಾಯಿ ಬಿಡುತ್ತಿರಲಿಲ್ಲ.

ಈ ರಕ್ಷಣೆ ನಿಮ್ಮ ವಾಟ್ಸಾಪ್ ಗ್ರೂಪಿಗೆ ಇಲ್ಲ. ಡ್ಯಾಂ ಒಡೆಯಿತಂತೆ, ಇನ್ನು ಅರ್ಧ ಗಂಟೆಗೆ ನೀರು ಬರುತ್ತದಂತೆ ಎಂದು ಸುಳ್ಳು ಹರಡಿ ಜನರನ್ನು ಗಾಬರಿಗೊಳಿಸಿದರೆ 54ನೇ ಕಲಂ ಕೆಳಗೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ. ಹೋದ ವರ್ಷದ ಅಲರ್ಟ್‌ನ ಸ್ಕ್ರೀನ್‌ಶಾಟನ್ನು ದಿನಾಂಕ ನೋಡದೆ ತಳ್ಳುವವರೂ ಈ ಕಲಂ ಓದಿಕೊಳ್ಳುವುದು ಒಳ್ಳೆಯದು. ನಿಜವಾದ ಅಲರ್ಟ್ ನಿಮ್ಮಿಂದ ಓಟಿಪಿ ಕೇಳುವುದಿಲ್ಲ, ಹಣ ಕೇಳುವುದಿಲ್ಲ, ಯಾವುದೋ ಆ್ಯಪ್ ಇನ್‌ಸ್ಟಾಲ್ ಮಾಡಿಕೊಂಡರೆ ಮಾತ್ರ ಪರಿಹಾರ ಎನ್ನುವುದಿಲ್ಲ. ಸಂದೇಹ ಬಂದರೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 'ಸಚೇತ್' ಆ್ಯಪ್‌ನಲ್ಲಿ ಅದೇ ಎಚ್ಚರಿಕೆ ಇದೆಯೇ ನೋಡಿ.

ಈಗ ಎರಡನೆಯ ಪ್ರಶ್ನೆಗೆ ಬರೋಣ. ಮುನ್ನೆಚ್ಚರಿಕೆಯ ವ್ಯವಸ್ಥೆಯನ್ನು ಸ್ಥಾಪಿಸಿ, ಕಾಪಾಡಿ, ಸುಧಾರಿಸಿ, ಜನರಿಗೆ ಸರಿಯಾದ ಮಾಹಿತಿ ಮುಟ್ಟಿಸುವುದು ಜಿಲ್ಲಾ ಪ್ರಾಧಿಕಾರದ ಕೆಲಸ ಎಂದು 30ನೇ ಕಲಂ ಹೇಳುತ್ತದೆ. ಫೋನಿಗೆ ಕಳಿಸಿದರೆ ಮುಗಿಯಿತು ಎಂದು ಅಲ್ಲಿ ಎಲ್ಲೂ ಬರೆದಿಲ್ಲ. ಟಿವಿ, ರೇಡಿಯೊ ಮುಂತಾದ ಮಾಧ್ಯಮಗಳಿಂದ ಎಚ್ಚರಿಕೆ ಬಿತ್ತರಿಸುವಂತೆ ನಿರ್ದೇಶನ ಕೊಡಿಸಲು 67ನೇ ಕಲಂ ಬೇರೆಯೇ ಇದೆ. ಆದ್ದರಿಂದ 'ನಿಮ್ಮ ಫೋನು ಆಫ್ ಇತ್ತು, ನಾವೇನು ಮಾಡೋಣ' ಎಂದು ತಾಲ್ಲೂಕು ಕಚೇರಿಯಲ್ಲಿ ಯಾರಾದರೂ ಅಂದರೆ ಒಪ್ಪಬೇಕಿಲ್ಲ. ಧ್ವನಿವರ್ಧಕ ಕಟ್ಟಿದ ಆಟೊ ಬಂದಿತ್ತೇ, ಪಂಚಾಯಿತಿಯವರು ಮನೆ ಬಾಗಿಲಿಗೆ ಬಂದಿದ್ದರೇ ಎಂದು ತಿರುಗಿ ಕೇಳಬಹುದು.

ಅಂಗವಿಕಲರ ವಿಷಯದಲ್ಲಿ ಕಾನೂನು ಇನ್ನೂ ನೇರವಾಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 8ನೇ ಕಲಂ ಪ್ರಕಾರ ಜಿಲ್ಲಾ ಪ್ರಾಧಿಕಾರವು ಜಿಲ್ಲೆಯ ಅಂಗವಿಕಲರ ವಿವರಗಳ ದಾಖಲೆ ಇಟ್ಟುಕೊಳ್ಳಬೇಕು, ಅಪಾಯದ ಸನ್ನಿವೇಶವನ್ನು ಅವರಿಗೆ ತಿಳಿಸಲು ತಕ್ಕ ಕ್ರಮ ತೆಗೆದುಕೊಳ್ಳಬೇಕು. ಕಿವಿ ಕೇಳದವರಿಗೆ ಫೋನಿನ ಕೂಗು ಏನು ಮಾಡೀತು? ಕಣ್ಣು ಕಾಣದವರಿಗೆ ಪರದೆಯ ಅಕ್ಷರ ಏನು ಮಾಡೀತು? ವೈಬ್ರೇಶನ್, ಓದಿ ಹೇಳುವ ಸೌಲಭ್ಯ ಇವೆ, ಮನೆಯವರು ಆನ್ ಮಾಡಿಕೊಡಬೇಕು. ಆದರೆ ಕಾಯ್ದೆ ಕೇಳುವುದು ಅಷ್ಟನ್ನೇ ಅಲ್ಲ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಅವರ ಹೆಸರು ಆ ದಾಖಲೆಯಲ್ಲಿದೆಯೇ ಎಂದು ಜಿಲ್ಲಾಧಿಕಾರಿ ಕಚೇರಿಯನ್ನು ಲಿಖಿತವಾಗಿ ಕೇಳಿ. ಉತ್ತರ ಬರದಿದ್ದರೆ ರಾಜ್ಯದ ಅಂಗವಿಕಲ ವ್ಯಕ್ತಿಗಳ ಅಧಿನಿಯಮದ ಆಯುಕ್ತರಿಗೆ ದೂರು ಕೊಡಬಹುದು.

ಹೊಸ ಫೋನಿನಲ್ಲಿ ಈ ಸೌಲಭ್ಯವೇ ಇಲ್ಲದಿದ್ದರೆ ಅದು ಬೇರೆ ಪ್ರಕರಣ. ಸೆಲ್ ಬ್ರಾಡ್‌ಕಾಸ್ಟ್ ಎಚ್ಚರಿಕೆ ಸ್ವೀಕರಿಸುವ ಸೌಲಭ್ಯ ಇಲ್ಲಿ ಮಾರುವ ಫೋನುಗಳಲ್ಲಿ ಇರಲೇಬೇಕೆಂದು ಕೇಂದ್ರ 2023ರಲ್ಲಿ ನಿಯಮ ಹೊರಡಿಸಿದೆ, ಬಟನ್ ಫೋನುಗಳನ್ನೂ ಬಿಟ್ಟಿಲ್ಲ. ಬಿಲ್ ಇಟ್ಟುಕೊಂಡು ಮೊದಲು ಅಂಗಡಿ ಮತ್ತು ಕಂಪನಿಗೆ, ಆಮೇಲೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷದ ಕಾಲಾವಕಾಶ ಇದೆ, ಐದು ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ.

ಊರಿಗೇ ಎಚ್ಚರಿಕೆ ಬರಲಿಲ್ಲ ಎಂದಾದರೆ ಮಾಹಿತಿ ಹಕ್ಕಿನ ಅರ್ಜಿಯೇ ಮೊದಲ ಹತಾರ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕನ್ನಡದಲ್ಲೇ ಬರೆಯಿರಿ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ. ಬಿಪಿಎಲ್ ಕುಟುಂಬಕ್ಕೆ ಶುಲ್ಕ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಏಕೆ ಎಚ್ಚರಿಸಲಿಲ್ಲ ಎಂದು ಕೇಳಬೇಡಿ, ಏಕೆ ಎಂಬುದಕ್ಕೆ ದಾಖಲೆ ಇರುವುದಿಲ್ಲ, ಅರ್ಜಿ ವಾಪಸು ಬರುತ್ತದೆ. ಇಂಥ ದಿನಾಂಕದಂದು ಇಂಥ ಗ್ರಾಮಕ್ಕೆ ಹೊರಡಿಸಿದ ಎಲ್ಲ ಎಚ್ಚರಿಕೆಗಳ ಪ್ರತಿ, ಪ್ರತಿಯೊಂದನ್ನೂ ಕಳಿಸಿದ ಸಮಯ, ಬಳಸಿದ ಮಾಧ್ಯಮ ಮತ್ತು ಆ ದಿನದ ನಿಯಂತ್ರಣ ಕೊಠಡಿ ದಿನಚರಿಯ ದೃಢೀಕೃತ ನಕಲು ಎಂದು ಕೇಳಿ. ಮೂವತ್ತು ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಮತ್ತೆ ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ. ಮುಂದೆ ವಕೀಲರು ಬೇಕೆನಿಸಿದರೆ, ನೆರೆ, ಬರ, ಭೂಕಂಪದಂಥ ವಿಪತ್ತಿನ ಸಂತ್ರಸ್ತರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಉಚಿತ ನೆರವು ಕೊಡುತ್ತದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಕರೆ ಮಾಡಿ.