ಸೊನ್ನೆ ಬಂತೆಂದು ಪಿಡಿಎಫ್ ಮುಚ್ಚಬೇಡಿ

ಕಿತ್ತೂರು, ಬೈಲಹೊಂಗಲ, ಸವದತ್ತಿ ಯಲ್ಲಮ್ಮ, ರಾಮದುರ್ಗ: ಕರ್ನಾಟಕದ ವಿಧಾನಸಭಾ ಕ್ಷೇತ್ರಗಳ ಸಾಲಿನಲ್ಲಿ 15ರಿಂದ 18. ಇವುಗಳ ಮತದಾರರ ಪಟ್ಟಿ ಪಿಡಿಎಫ್ ರೂಪದಲ್ಲಿ ಸಿಗುತ್ತದೆ; ಅದನ್ನು ಬ್ರೌಸರಿನಲ್ಲೇ ತೆರೆಯಬಹುದು. ಕಂಪ್ಯೂಟರಿನಲ್ಲಿ ಕಂಟ್ರೋಲ್ ಜೊತೆ ಎಫ್ ಒತ್ತಿ, ‘ಬಸವ್ವ’ ಎಂಬ ಹೆಸರು ಬರೆದಾಗ ಸೊನ್ನೆ ಬಂತೇ? ಗಾಬರಿಯಾಗಬೇಡಿ.

ಪುಟದ ಅಕ್ಷರಗಳ ಮೇಲೆ ಮೌಸ್ ಎಳೆದು ನೋಡಿ. ಅಕ್ಷರ ಆಯ್ಕೆಯಾಗದಿದ್ದರೆ ಅದು ಬರೀ ಚಿತ್ರ, ಹುಡುಕಾಟಕ್ಕೆ ಸಿಗದು. ಆಯ್ಕೆಯಾದರೆ ಕಾಪಿ ಮಾಡಿ ಬೇರೆಡೆ ಪೇಸ್ಟ್ ಮಾಡಿ; ಅಕ್ಷರ ಕಲಸುಮೇಲೋಗರವಾಗಿ ಕಂಡರೆ ಫಾಂಟಿನ ತೊಡಕು. ಎರಡೂ ಸಂದರ್ಭದಲ್ಲಿ ಮನೆ ನಂಬರ್ ಹಿಡಿದು ಪುಟ ತಿರುವಿ. ಚುನಾವಣಾ ಆಯೋಗದ ಜಾಲತಾಣದಲ್ಲಿ ಮತದಾರರ ಗುರುತಿನ ಚೀಟಿಯ ಸಂಖ್ಯೆಯಿಂದಲೂ ಹುಡುಕಬಹುದು. ನಿಮ್ಮ ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಅವರನ್ನೂ ಕೇಳಿ. ಕಣ್ಣಾರೆ ನೋಡಿದ್ದೇ ಖರೆ.