ಮಗ್ಗದ ಸದ್ದು ಮತ್ತು ಶ್ರವಣದ ಆರೋಗ್ಯ

ಉದ್ದೇಶ: ನೋವಿಲ್ಲದಾಗಲೂ ದುಡಿಯುವವರಿಗೆ ಆರೋಗ್ಯ ತಪಾಸಣೆ ಏಕೆ ಬೇಕೆಂಬುದನ್ನು ವಿದ್ಯಾರ್ಥಿಗಳು ಅರಿಯುವರು.

ವಿಷಯ ವಿವರಣೆ: ಇಚಲಕರಂಜಿ ಯಂತ್ರಮಗ್ಗಗಳ ಊರು. ಅದಕ್ಕೆ ಹೊಂದಿಕೊಂಡ ಶಹಾಪುರದ ಮಕ್ಕಳಿಗೂ ಮಗ್ಗದ ಸದ್ದು ಪರಿಚಿತ. ದಿನಕ್ಕೆ ಎಂಟು ಗಂಟೆ ದುಡಿಯುವವರಿಗೆ ಕಾರ್ಖಾನೆ ನಿಯಮಗಳು ವಿಧಿಸಿದ ಸದ್ದಿನ ಮಿತಿ 90 ಡೆಸಿಬಲ್. ಮಗ್ಗದ ಶೆಡ್ಡಿನಲ್ಲಿ ಸದ್ದು ಈ ಮಿತಿಯನ್ನು ಮೀರುವುದುಂಟು. ಅತಿಯಾದ ಸದ್ದಿನಿಂದ ಒಳಕಿವಿಯ ಸೂಕ್ಷ್ಮ ಕೋಶಗಳು ವರ್ಷಗಳ ಅವಧಿಯಲ್ಲಿ ನಾಶವಾಗುತ್ತವೆ. ಅವು ಮತ್ತೆ ಬೆಳೆಯವು. ನೋವಿಲ್ಲದ ಕಾರಣ ಈ ನಷ್ಟ ಬೇಗ ಅರಿವಿಗೆ ಬರುವುದಿಲ್ಲ.

ಮೊದಲು ಕುಂದುವುದು ತಾರಸ್ಥಾಯಿಯ ಧ್ವನಿಗಳ ಗ್ರಹಣ. ಆಗ ‘ಸ’, ‘ಶ’ಗಳಂಥ ವ್ಯಂಜನಗಳು ಮಸುಕಾಗಿ, ‘ಹಾಸು’, ‘ಹಾಕು’ ಎಂಬ ಪದಗಳ ಭೇದ ತಿಳಿಯದಂತಾಗಬಹುದು. ಮಾತು ಕೇಳಿಸಿಯೂ ಅರ್ಥವಾಗದು.

ಕಿವಿರಕ್ಷಕಗಳ ಬಳಕೆ, ಸದ್ದಿನಿಂದ ಆಗಾಗ ವಿರಾಮ ಹಾಗೂ ನಿಯತ ಶ್ರವಣ ಪರೀಕ್ಷೆ ಇದಕ್ಕೆ ಮುಂಜಾಗ್ರತೆ. ರಕ್ತದೊತ್ತಡ, ಮಧುಮೇಹಗಳೂ ಹೀಗೆಯೇ ಸದ್ದಿಲ್ಲದೆ ಬರುವಂಥವು. 30 ವರ್ಷ ದಾಟಿದವರಿಗೆ ಇವುಗಳ ತಪಾಸಣೆಯ ವ್ಯವಸ್ಥೆ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿದೆ. ಶಿಕ್ಷಕರೂ ಅದನ್ನು ಮಾಡಿಸಿಕೊಳ್ಳತಕ್ಕದ್ದು.

ಚಟುವಟಿಕೆ: ಮನೆಯಲ್ಲಿ ದೂರದರ್ಶನದ ಧ್ವನಿಯನ್ನು ಹೆಚ್ಚಿಸುವವರು, ಹೇಳಿದ್ದನ್ನು ಮತ್ತೆ ಕೇಳುವವರು ಇರುವರೇ ಎಂದು ವಿದ್ಯಾರ್ಥಿಗಳು ಗಮನಿಸಲಿ. ಯಾರ ಮನೆಯ ಸಂಗತಿಯನ್ನೂ ತರಗತಿಯಲ್ಲಿ ಹೆಸರಿಸಿ ಚರ್ಚಿಸಬಾರದು. ಅಂಥವರಿಗೆ ಪರೀಕ್ಷೆಯ ಸಲಹೆಯನ್ನು ವಿದ್ಯಾರ್ಥಿಯೇ ವಿನಯದಿಂದ ತಲುಪಿಸಲಿ.

ಮೌಲ್ಯಮಾಪನ: ಕಿವಿ ಚೆನ್ನಾಗಿ ಕೇಳಿಸುತ್ತಿರುವಾಗಲೇ ಶ್ರವಣ ಪರೀಕ್ಷೆ ಏಕೆ ಮಾಡಿಸಬೇಕು? ಎರಡು ಕಾರಣಗಳನ್ನು ಬರೆಯಿರಿ.